ಅರವತ್ತನೆಯ ತಿಂಗಳ ಕಾಗದ

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ 12.20. ಅಮೆರಿಕದ ಕೆಂಟಕಿಯ ಕಾರ್ವರ್ಸ್ ಫೆರಿ ಊರಿನ ಠಾಣೆಗೆ ದೂರು ಬಂತು: ನದಿ ರಸ್ತೆಯಲ್ಲಿ ಕಾರೊಂದು ಚರಂಡಿಗಿಳಿದಿದೆ, ಒಳಗೆ ಹೆಣವಿದೆ.

ಡಿಟೆಕ್ಟಿವ್ ಲೊರೀನ್ ಪ್ರೂಯಿಟ್ ಕಾನ್‌ಸ್ಟೇಬಲ್ ಡೀಕ್‌ನನ್ನು ಕರೆದುಕೊಂಡು ಹೋದಳು. ಸತ್ತವನು ಗಾರ್ಲಂಡ್ ಮಾಸ್ಬಿ, ಮಕ್ಕಳಿರುವ ಬಡ ಮನೆಗಳಿಗೆ ಸರ್ಕಾರದ ನಗದು ನೆರವು ಮಂಜೂರು ಮಾಡುವ ಕಚೇರಿಯವನು. ತಲೆಬುರುಡೆ ಹಿಂದೆ ಎರಡು ಕಡೆ ಕುಸಿದಿತ್ತು, ಕಿವಿ ಜಜ್ಜಿಹೋಗಿತ್ತು, ಸ್ಟೀರಿಂಗ್ ತುಂಬ ರಕ್ತ. ಅಷ್ಟು ಏಟು ತಿಂದ ಮೇಲೂ ಪುಣ್ಯಾತ್ಮ ಆಸ್ಪತ್ರೆ ಕಡೆಗೆ ಒಂದು ಮೈಲಿ ಓಡಿಸಿದ್ದ. ಪರ್ಸು, ಕೈಗಡಿಯಾರ ಹಾಗೇ ಇದ್ದವು. ಮಹಜರು ಮುಗಿದಾಗ 1.40.

"ಕಳ್ಳರ ಕೆಲಸ ಅಲ್ಲ ಮೇಡಂ," ಎಂದ ಡೀಕ್.

ಅವನ ಕಚೇರಿಯಲ್ಲಿ ಎಳೆ ಸಿಕ್ಕಿತು. ಈ ನೆರವು ಒಬ್ಬರಿಗೆ ಇಡೀ ಜನ್ಮಕ್ಕೆ ಅರವತ್ತೇ ತಿಂಗಳು. ಮುಗಿಯಿತೆಂಬ ಕಾಗದವನ್ನು ಅಂಚೆಗೆ ಹಾಕಿದರೆ ಸಾಕಿತ್ತು. ಮಾಸ್ಬಿಯ ಮನಸ್ಸಿಗೆ ಅದು ಒಗ್ಗದೆ, ತಾನೇ ಹೋಗಿ ಕೈಗೆ ಕೊಡುತ್ತಿದ್ದ. ಆ ಬೆಳಗ್ಗೆ ಅವನಿಗೆ ಎರಡು ಮನೆಗಳಿದ್ದವು. ಮೊದಲ ಮನೆಯಾಕೆ ಕಾಫಿ ಕೊಟ್ಟು ಕಳಿಸಿದ್ದನ್ನು ಅಕ್ಕಪಕ್ಕದವರು ನೋಡಿದ್ದರು. ಎರಡನೆಯದು ವರ್ಲೀನ್ ಟ್ಯಾಕೆಟ್ ಮನೆ. ಮಗಳು ಮಾದಕ ವಸ್ತುವಿನ ಚಟಕ್ಕೆ ಬಿದ್ದು ಸತ್ತ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಅಜ್ಜಿ.

2.30ಕ್ಕೆ ಬಾಗಿಲು ತಟ್ಟಿದರು. ಮಕ್ಕಳಿನ್ನೂ ಶಾಲೆಯಲ್ಲಿದ್ದರು.

"ಮಾಸ್ಬಿ ಇವತ್ತು ಬಂದಿದ್ರಾ?"

"ಇಲ್ಲ. ನೀನು ಪ್ರೂಯಿಟ್ ಮನೆ ಹುಡುಗಿ ಅಲ್ವೇನೆ? ಕೂತ್ಕೊ."

"ಬೆಳಗ್ಗೆ ಎಲ್ಲಿದ್ರಿ?"

"ಇಲ್ಲೇ. ಇನ್ನೆಲ್ಲಿ ಹೋಗ್ಲಿ?"

ಲೊರೀನ್ ಕಣ್ಣು ಒಲೆಯ ಮೇಲೆ ನೆಟ್ಟಿತು. ಎರಕದ ಕಬ್ಬಿಣದ ಬಾಣಲೆ, ಸೋಪು ಹಾಕಿ ಉಜ್ಜಿ ಉಜ್ಜಿ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಸೀಮೆಯ ಯಾವ ಅಜ್ಜಿಯೂ ಅಂಥ ಬಾಣಲೆಗೆ ಸೋಪು ಮುಟ್ಟಿಸುವುದಿಲ್ಲ. ತಲೆಮಾರುಗಳ ಜಿಡ್ಡು ಹೀರಿ ಕಪ್ಪಾದದ್ದನ್ನು ಒರೆಸಿಡುತ್ತಾರೆ, ಅಷ್ಟೇ.

"ಬಾಣಲೆಗೆ ಸೋಪ್ ಯಾಕೆ ಹಾಕಿದ್ರಿ, ವರ್ಲೀನಮ್ಮ?"

ಮುದುಕಿ ಬಾಣಲೆ ಎತ್ತಿ ಬೀಸಿದಳು. ಲೊರೀನ್ ಬಗ್ಗಿ ತಪ್ಪಿಸಿಕೊಂಡಳು. ಅಡ್ಡ ಬಂದ ಡೀಕ್‌ನ ಮುಂಗೈ ಮೂಳೆ ಲಟಕ್ಕನೆ ಮುರಿಯಿತು. ಮುದುಕಿ ಮತ್ತೆ ಬೀಸಿದಳು, ಗಾಜಿನ ಬೀರು ಪುಡಿಪುಡಿಯಾಯಿತು. ಹೆಂಗಸರಿಬ್ಬರೂ ಆ ಚೂರುಗಳ ಮೇಲೆ ಬಿದ್ದು ಹೊರಳಾಡಿದರು. ವರ್ಲೀನ್ ಹಲ್ಲು ಲೊರೀನ್ ಭುಜಕ್ಕೆ ಇಳಿದಿತ್ತು. 2.45ಕ್ಕೆ ಕೋಳ ಬಿತ್ತು.

"ಕಾಗದ ಕೊಟ್ಟ ಅಂತ ಹೊಡೀಲಿಲ್ಲ," ಎಂದಳು ವರ್ಲೀನ್, ಏದುಸಿರು ಬಿಡುತ್ತ. "ಮಕ್ಕಳನ್ನ ಸರ್ಕಾರ ಗೊತ್ತುಮಾಡೋ ಸಾಕುಮನೆಗೆ ಕೊಟ್ಬಿಡಿ ಅಂದ. ಅಲ್ಲಿಯವರಿಗೆ ಸರ್ಕಾರ ಜಾಸ್ತಿ ಕೊಡುತ್ತಂತೆ, ಗಡುವೂ ಇಲ್ವಂತೆ. ಯಾರೋ ಸಾಕಿದ್ರೆ ದುಡ್ಡು, ನಾನು ಸಾಕಿದ್ರೆ ಇಲ್ಲ. ಒಳ್ಳೇದಕ್ಕೇ ಹೇಳ್ದ, ಗೊತ್ತು. ಹೇಳಿ ತಿರುಗಿ ಹೊರಟ. ಬಾಣಲೆ ಕೈಲೇ ಇತ್ತು."

ಸಂಜೆ ಲೊರೀನ್ ಕಡತ ಓದಿದಳು. ಅರವತ್ತು ತಿಂಗಳ ಲೆಕ್ಕ ದೊಡ್ಡವರಿಗಷ್ಟೇ; ಮಕ್ಕಳ ಹೆಸರಿನಲ್ಲಿ ಮಾತ್ರ ನೆರವು ಬರೆದಿದ್ದರೆ ಗಡುವೇ ಇರುತ್ತಿರಲಿಲ್ಲ. ಐದು ವರ್ಷದ ಹಿಂದೆ ಮಾಸ್ಬಿ ಅಜ್ಜಿಯ ಹೆಸರನ್ನೂ ಸೇರಿಸಿದ್ದ, ತಿಂಗಳಿಗೆ ನಾಲ್ಕು ಕಾಸು ಹೆಚ್ಚು ಬರಲೆಂದು. ಪಕ್ಕದಲ್ಲಿ ಅವನದೇ ಅಕ್ಷರ: "ಆಕೆಯೂ ಉಣ್ಣಬೇಕಲ್ಲ." ತಿಂಗಳು ಸವೆಯಲು ಶುರುವಾದದ್ದು ಆ ಒಂದು ಹೆಸರಿನಿಂದ.

ಲೊರೀನ್ ಇದನ್ನು ವರದಿಯಲ್ಲಿ ಬರೆದಳು, ವರ್ಲೀನ್‌ಗೆ ಹೇಳಲಿಲ್ಲ. ಲಾಕಪ್ಪಿನಿಂದ ಮುದುಕಿ ಕೇಳಿದ್ದು ಒಂದೇ.

"ಮಕ್ಕಳು ಒಂದೇ ಮನೇಲಿದಾವೆ ತಾನೇ?"

ಮಕ್ಕಳನ್ನು ಕಳಿಸಿದ್ದು ಎರಡು ಊರಿನ ಎರಡು ಸಾಕುಮನೆಗೆ. ಲೊರೀನ್ ಹೌದೆಂದಳು.