ಸೆಟ್ಟಿಂಗ್ ಬಿಟ್ಟಲ್ಲೇ ಪಟ್ಟಣ

ಸೆಟ್ಟಿಂಗ್ ಬಿಟ್ಟಲ್ಲೇ ಪಟ್ಟಣ ಎಂಬ ಗಾದೆಯಿದೆ. ಹಿರಿಯರು 'ಶೆಟ್ಟಿ' ಎಂದಿದ್ದರು, ಕಾಲ ತಿದ್ದಿತು. ಮುಂದಿನದು ಅಪ್ಪಟ ನಿಜ ಸಂಗತಿ. ನಡೆಯಲು ಇನ್ನೂ ಮೂರ್ನಾಲ್ಕು ದಶಕ ಬಾಕಿ ಇದೆ, ಅಷ್ಟೇ.

ಹೊಸಪೇಟೆಯ ಗ್ರಂಥಾಲಯದಲ್ಲಿ ಮೇಜೇ ಕಂಪ್ಯೂಟರು. ಅದರ ಮೈಯೆಲ್ಲ ಪರದೆ. 'ಡೆಸ್ಕ್‌ಟಾಪ್' ಎಂಬ ಪದಕ್ಕೆ ಕೊನೆಗೂ ನಾಲ್ಕು ಕಾಲು ಬಂದಿದ್ದವು. ಅದರೊಳಗಿದ್ದದ್ದು ಡಾ. ಪಂಪಾಪತಿ ಶೆಟ್ಟರು ಕಂಡುಹಿಡಿದ 'ಒಗ್ಗರಣೆ' ಎಂಬ ತಂತ್ರಾಂಶ. ಕೂತವರಿಗೆ ಒಗ್ಗುವಂತೆ ಅಕ್ಷರದ ಗಾತ್ರ, ಬಣ್ಣ, ಬೆಳಕು, ಸದ್ದುಗಳನ್ನು ಬರೀ ಬಾಯಿಮಾತಿನಲ್ಲೇ ಬದಲಿಸಬಲ್ಲ ಸಾಧನ. ಯಾರ ಬಾಯಿಮಾತು ಎಂಬಲ್ಲಿತ್ತು ತಕರಾರು. ಬೆರಳಚ್ಚಿನ ಹಾಗೆ ಪ್ರತಿ ಗಂಟಲಿಗೂ ಒಂದು ದನಿಯಚ್ಚು ಇರುತ್ತದೆ. ಒಗ್ಗರಣೆ ಒಪ್ಪುತ್ತಿದ್ದದ್ದು ಶೆಟ್ಟರದೊಂದನ್ನೇ.

"ಶೆಟ್ರೀ, ಅಕ್ಷರ ಇರುವಿ ಸಾಲಿನಂಗ ಕಾಣ್ತಾವ. ಒಂದೀಟು ದೊಡ್ಡವು ಮಾಡ್ರಿ," ಎಂದು ದಿನವೂ ಓದಲು ಬರುವ ಕೊಟ್ರಬಸಪ್ಪ ಕೇಳಿದ.

"ಅದೆಲ್ಲ ಆಗಂಗಿಲ್ರೀ. ಎಲ್ಲಾರ ಕೈಗೂ ಸೌಟು ಕೊಟ್ರ ಅಡಿಗಿ ಕೆಡ್ತೈತಿ."

"ನೀವೊಬ್ರ ಹಿಡಕೊಂಡು ಕುಂತ್ರ ತಳ ಹತ್ತತೈತ್ರಿ ಸರ," ಎಂದಳು ಶೆಟ್ಟರ ಸಹಾಯಕಿ ಹುಲಿಗೆಮ್ಮ. ಎಂಎಸ್ಸಿ ಓದಿದವಳು, ಬಸ್‌ಸ್ಟ್ಯಾಂಡಿನ ಮೈಕಿನಿಂದ ಹಿಡಿದು ಕುಕ್ಕರಿನ ಸೀಟಿಯವರೆಗೆ ಯಾವ ದನಿಯನ್ನಾದರೂ ತೆಗೆಯಬಲ್ಲವಳು.

ಕೊಟ್ರಬಸಪ್ಪ ಎದ್ದ. "ನಾಳಿ ಒಂದಿನ ನೋಡ್ತೀನಿ. ಆಮ್ಯಾಲೆ ಓದೂದs ಬಿಡ್ತೀನವ್ವ."

ಆ ಮಾತು ಹುಲಿಗೆಮ್ಮನಿಗೆ ನಾಟಿತು. ನಾಳೆಯೇ ಒಗ್ಗರಣೆಯನ್ನು ಪರೀಕ್ಷಿಸಲು ಜಿಲ್ಲಾ ಸಮಿತಿ ಬರುವುದಿತ್ತು. ಅದು ಒಪ್ಪಿದರೆ ಜಿಲ್ಲೆಯ ಗ್ರಂಥಾಲಯಗಳಿಗೆಲ್ಲ ಒಗ್ಗರಣೆ. ಜೊತೆಗೆ ಊರೂರಿಗೂ ಸೌಟು ಬಿಡದ ಒಬ್ಬೊಬ್ಬ ಶೆಟ್ಟರು.

ಮರುದಿನ ಬೆಳಿಗ್ಗೆ ಹೊಸ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಲು ಹೇಳಿ ಶೆಟ್ಟರು ಹಾರ ತರಲು ಹೋದರು. "ಮಾಲೀಕರು ಮಾತಾಡಿ," ಎಂದಿತು ಮೇಜು. ಹುಲಿಗೆಮ್ಮ ಮೂಗು ಹಿಡಿದು, ಗಂಟಲು ಇಳಿಸಿ, ಶೆಟ್ಟರ ಹಾಗೆ ಮೊದಲು ಕೆಮ್ಮಿದಳು. ಒಗ್ಗರಣೆ ಅಂದಮೇಲೆ ಕೆಮ್ಮು ಬೇಕೇಬೇಕು. ಮೇಜು ಆ ಕೆಮ್ಮಿಗೇ ಕರಗಿತು. "ಮಾಲೀಕರು: ಎಲ್ಲರೂ. ಎಚ್ಚರಿಸುವ ಪದ: ಸೆಟ್‌ರೀ. ಉತ್ತರ: ನನ್ನ ದನಿಯಲ್ಲೇ," ಎಂದು ಅದೇ ಗಂಟಲಿನಲ್ಲಿ ಅಪ್ಪಣೆ ಕೊಟ್ಟಳು. ಯಂತ್ರದ ಕಿವಿಗೆ 'ಸೆಟ್‌ರೀ'ಯೂ ಒಂದೇ, 'ಶೆಟ್ರೀ'ಯೂ ಒಂದೇ.

ಸಮಿತಿ ಬಂತು. ಅಧ್ಯಕ್ಷೆ ಶಾಂತವೀರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತರು. "ಏನ್ ಸೆಖಿರೀ ಶೆಟ್ರೀ!"

ಮೇಜು ಕೆಮ್ಮಿತು. ಶೆಟ್ಟರ ದನಿಯಲ್ಲೇ, ಆದರೆ ಶೆಟ್ಟರು ಎಂದೂ ಆಡದ ಒಪ್ಪಿಗೆಯ ಮಾತಿನಲ್ಲಿ, "ಆಗಲ್ರೀ" ಎಂದಿತು. ಪರದೆಯ ತುಂಬ ಹಿಮ ಸುರಿಯಿತು.

"ಶೆಟ್ರೀ, ಅಕ್ಷರ..." ಎಂದು ಮೇಜಿನ ಮೂಲೆಯಿಂದ ಕೊಟ್ರಬಸಪ್ಪ ರಾಗ ತೆಗೆದ.

"ಆಗಲ್ರೀ!" ಅಕ್ಷರಗಳು ಇಡ್ಲಿಯಷ್ಟಾದವು.

"ಇದೇನ್ರೀ ಶೆಟ್ರೀ, ನನಗ ತಲಿ ತಿರುಗಾಕತ್ತೈತಿ," ಎಂದರು ಅಧ್ಯಕ್ಷೆ. ಆಗಲ್ರೀ ಎಂದು ಇಡೀ ಪುಟ ಗಿರಿಗಿರಿ ತಿರುಗತೊಡಗಿತು.

ಶೆಟ್ಟರು ಬೆವತರು. "ನಿಲ್ಸು! ಲೇ, ನಿಲ್ಸು!" ಮೇಜು ಕ್ಯಾರೇ ಎನ್ನಲಿಲ್ಲ.

"ಮರ್ಯಾದಿಲೆ ಕರೀರಿ ಸರ," ಎಂದು ಹುಲಿಗೆಮ್ಮ ಪಿಸುಗುಟ್ಟಿದಳು. "ನಿಮ್ಮ ಹೆಸರು ಹಿಡದು."

ಶೆಟ್ಟರು ಬೇರೆ ದಾರಿಯಿಲ್ಲದೆ ಮೇಜಿಗೆ ಕೈ ಮುಗಿದರು. "ಶೆಟ್ರೀ... ಕೈ ಮುಗೀತೀನಿ, ನಿಲ್ಲಸ್ರೀ."

"ಆಗಲ್ರೀ."

ಪುಟ ನಿಂತಿತು. ಆಗ ಒಂದು ದನಿ ಕೇಳಿಸಿತು. ಕೊಟ್ರಬಸಪ್ಪ ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದ. ಓದಿ ಮುಗಿಸಿ ತಲೆಯೆತ್ತಿದ: "ಇಷ್ಟ್ ದಿನ ನನ್ನ ಕಣ್ಣು ಕೆಟ್ಟಾವ ಅನ್ಕೊಂಡಿದ್ನಲ್ರೀ. ಕೆಟ್ಟಿದ್ದು ಸೆಟ್ಟಿಂಗು!"

ಈ ಸಾಲನ್ನು ಕಣ್ಣು ಕಿರಿದು ಮಾಡಿ ಓದುತ್ತಿರುವವರೂ ತಮ್ಮ ಕಣ್ಣನ್ನು ಬೈದುಕೊಳ್ಳುವ ಮುನ್ನ, ತಮ್ಮ ಮೇಜಿನ ಶೆಟ್ಟರು ಯಾರೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

"ಇದನ್ನ ಹಿಂಗs ಎಲ್ಲಾ ಊರಿಗೂ ಕೊಡ್ತೀರೇನ್ರೀ ಶೆಟ್ರೀ?" ಎಂದು ಅಧ್ಯಕ್ಷೆ ಕೇಳಿದರು.

ಆಗಂಗಿಲ್ಲ ಎನ್ನಲು ಶೆಟ್ಟರು ಬಾಯಿ ತೆರೆದು ಕೆಮ್ಮಿದರು. ಕೆಮ್ಮು ಮುಗಿಯುವುದರೊಳಗೆ ಮೇಜು ಅವರದೇ ದನಿಯಲ್ಲಿ "ಆಗಲ್ರೀ!" ಎಂದುಬಿಟ್ಟಿತು.

ಶೆಟ್ಟರು ತೆರೆದ ಬಾಯಲ್ಲೇ ಹುಲಿಗೆಮ್ಮನನ್ನು ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ನನ್ನ ಬಾಯಾಗ ಇಂಥಾ ಮಾತು ಇತ್ತಂತ ನನಗs ಗೊತ್ತಿರಲಿಲ್ಲಲ್ಲಬೇ!" ಎಂದವರು ಹೊಟ್ಟೆ ಹಿಡಿದು ನಗತೊಡಗಿದರು. ಸಮಿತಿ ನಕ್ಕಿತು, ಕೊಟ್ರಬಸಪ್ಪ ನಕ್ಕ. "ಶೆಟ್ರೀ, ನೀವೂ ನಗ್ರಿ!" ಎಂದು ಹುಲಿಗೆಮ್ಮ ಮೇಜಿಗೆ ಹೇಳಿದ್ದೇ ತಡ, ಅದೂ ಶೆಟ್ಟರ ದನಿಯಲ್ಲೇ, ಸದ್ದಿನ ಸೆಟ್ಟಿಂಗನ್ನು ತುದಿಗೇರಿಸಿಕೊಂಡು ನಕ್ಕಿತು. ಆದರೂ ನಗುವ ಜೋರಿನಲ್ಲಿ ಗೆದ್ದದ್ದು ಅಸಲಿ ಶೆಟ್ಟರೇ.