ಶಟರಿನ ಮೇಲಿನ ನೀಲಿ ಗಿಣಿ

ಸುರಪುರದ ಬಸ್ ನಿಲ್ದಾಣದ ಎದುರು ವಿಶ್ವರಾಧ್ಯನ ಮೊಬೈಲ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತಲು ಬಂದವನು ಬೀಗದ ಕೈ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಶಟರಿನ ನಡುವೆ ಮತ್ತೆ ಕಾಗದ ಅಂಟಿಸಿದ್ದರು. ಮೊನ್ನೆಯೂ ಇತ್ತು, ನಿನ್ನೆಯೂ ಇತ್ತು.

‘ತಡೀರಿ. ಹೊಸ ಟ್ಯಾಬ್ ಬರಾಕತ್ತಾವ. ಹಳೇದಕ್ಕ ರೊಕ್ಕ ಹಾಕಬ್ಯಾಡ್ರಿ.’

ದುಂಡನೆಯ ಅಕ್ಷರ. ಸುತ್ತ ಬಳ್ಳಿಯ ಅಂಚು. ಮೂಲೆಯಲ್ಲೊಂದು ಗಿಣಿ.

ಅಷ್ಟರಲ್ಲೇ ಗಿರಾಕಿಯೊಬ್ಬಳು ಬಂದಿದ್ದಳು. ಉಮಾಶ್ರೀ, ಯಾದಗಿರಿಯ ದಿನಪತ್ರಿಕೆಯೊಂದರ ಸುರಪುರ ವರದಿಗಾರ್ತಿ. ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡಿ ಮಾಡಿ ಅವಳ ಹೆಬ್ಬೆರಳು ಸೋತಿತ್ತು. ಗಾಜಿನೊಳಗಿದ್ದ ರಿಯಾಯಿತಿ ಟ್ಯಾಬಿನ ಮೇಲೆ ಬಹಳ ದಿನದಿಂದ ಕಣ್ಣು. ಕೊಳ್ಳಲೋ, ಕಾಯಲೋ ಎಂದು ತೂಗಾಡಿ, ಇವತ್ತು ಕೊಂಡೇಬಿಡೋಣ ಎಂದು ಬಂದಿದ್ದಳು. ಕಾಗದ ಓದಿದ್ದೇ ತೆರೆದಿದ್ದ ಪರ್ಸಿನ ಜಿಪ್ ಎಳೆದು ಮುಚ್ಚಿದಳು.

“ನೋಡ್ರಿ, ನೀವೂ ಹಿಂದ ಸರದ್ರಿ,” ವಿಶ್ವರಾಧ್ಯನ ದನಿ ಕುಸಿಯಿತು. “ಒಂದು ಪೀಸ್ ಉಳದದ. ಯಾರೂ ಮುಟ್ಟವಲ್ರು. ಇದು ಆ ನಸೀರುದ್ದೀನನ ಕೆಲಸ. ಇವತ್ತ ಪೊಲೀಸ್ ಠಾಣೆಗೆ ಹೋಗಿ ಬರದು ಕೊಡತೀನಿ.”

ಉಮಾಶ್ರೀಗೆ ಕಸಿವಿಸಿಯಾಯಿತು. ನಸೀರುದ್ದೀನನದೂ ಮೊಬೈಲ್ ಅಂಗಡಿಯೇ, ರಸ್ತೆಯ ಆಚೆ ಬದಿಗೆ. ಇಬ್ಬರೂ ಒಂದೇ ಕಪ್ ಚಹಾವನ್ನು ಎರಡು ಬಸಿಗೆ ಸುರಿದು ಹಂಚಿಕೊಂಡು ಕುಡಿಯುತ್ತಿದ್ದದ್ದನ್ನು ಅವಳು ಶಾಲೆಗೆ ಹೋಗುವಾಗಿನಿಂದ ನೋಡಿದ್ದಳು. ಈಗ ಇಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು.

“ಸಂಜಿತನಕ ತಡೀರಿ ಅಣ್ಣಾರ. ಯಾರಂತ ನಾ ಹುಡುಕತೀನಿ.”

ಕಾಗದವನ್ನು ಹರಿಯದಂತೆ ಬಿಡಿಸಿ ಮಡಚಿಕೊಂಡಳು.

*

ನಸೀರುದ್ದೀನ ಸಿಟ್ಟಿಗಿಂತ ಹೆಚ್ಚಾಗಿ ನೊಂದಿದ್ದ.

“ನಾ ಬರೀಬೇಕಂದ್ರ ನನ್ನ ಅಂಗಡಿ ಹೆಸರು ಬರೀತಿದ್ದಿಲ್ಲೇನ್ರಿ? ಹೆಸರಿಲ್ಲದ ಜಾಹೀರಾತು ಯಾರು ಮಾಡತಾರ?”

ಮಾತು ಸರಿಯಾಗಿತ್ತು. ಉಮಾಶ್ರೀ ಕೇಳಿದಳು, “ಹೊಸಾವು ಖರೇನ ಬರಾಕತ್ತಾವೇನು?”

“ಬರತಾವ. ಮುಂದಿನ ತಿಂಗಳ ನನ್ನ ಬಲ್ಲೀನೂ ಬರತಾವ. ಆದ್ರ ಅದರ ಪೆನ್ ಬ್ಯಾರೇ ಕೊಳ್ಳಬೇಕು. ವಿಶ್ವನ ಬಲ್ಲಿ ಇರೋದಕ್ಕ ಪೆನ್ ಡಬ್ಬಿಯಾಗ ಕೂಡೇ ಬರತದ. ಚಿತ್ರ ಬರಿಯೋರಿಗೆ ಅದ ಚಲೋ ಮಾಲು.”

ಜಗಳವಾಡಿದವನ ಮಾಲನ್ನು ಹೊಗಳುವ ಈ ಮನುಷ್ಯ ಕದ್ದು ಕಾಗದ ಅಂಟಿಸುವವನಲ್ಲ. ಅವನನ್ನು ಬಿಟ್ಟಳು.

ಬೋರ್ಡು ಬರೆಯುವ ಅಲ್ಲಾಬಕ್ಷನ ನೆನಪಾಯಿತು. ಊರಲ್ಲಿ ಇಷ್ಟು ಚೆಂದದ ಅಕ್ಷರ ಇನ್ಯಾರದು? ಫೋನ್ ಹಚ್ಚಿದಳು. ಅವನು ಶಹಾಪುರದಲ್ಲಿ ಶಾಲೆಯೊಂದರ ಗೋಡೆಗೆ ಬಣ್ಣ ಹಚ್ಚುತ್ತಿದ್ದ. ವಾರದಿಂದ ಅಲ್ಲೇ ಇದ್ದಾನಂತೆ. ಆ ದಾರಿಯೂ ಮುಚ್ಚಿತು.

*

ಚಹಾದಂಗಡಿಯ ಬೆಂಚಿನ ಮೇಲೆ ಕೂತು ಕಾಗದ ಬಿಡಿಸಿದಳು. ಗಿಣಿಯ ಕೊಕ್ಕು ಕೂದಲೆಳೆಯಷ್ಟು ನವುರು. ಹಳೆಯ ಸುರಪುರದ ಚಿತ್ರಗಳಲ್ಲಿ ಇಂಥ ಗೆರೆ ಕಂಡಿದ್ದಳು. ಆದರೆ ಗಿಣಿಯ ಮೈ ನೀಲಿ. ಬಳ್ಳಿಯ ಎಲೆಗಳೂ ನೀಲಿ.

ಇಂಥ ಕೈ ಬಣ್ಣ ತಪ್ಪುವುದಿಲ್ಲ. ಹಾಗಾದರೆ ತಪ್ಪಿದ್ದು ಕಣ್ಣು.

ಹಿಂದೊಮ್ಮೆ ಅವ್ವ ಹಸಿರು ಸೀರೆ ಅಂತ ನೀಲಿ ಸೀರೆ ಆರಿಸಿಕೊಂಡು ಬಂದು, ಮನೆಯವರೆಲ್ಲ ನಕ್ಕಾಗ ಸಿಟ್ಟಾಗಿದ್ದಳು. ಆಮೇಲೆ ಡಾಕ್ಟರು ಕಣ್ಣಲ್ಲಿ ಪೊರೆ ಬಂದಿದೆ ಎಂದಿದ್ದರು.

ಉಮಾಶ್ರೀ ಚಹಾ ಅರ್ಧಕ್ಕೇ ಬಿಟ್ಟು ವಿಶ್ವರಾಧ್ಯನ ಅಂಗಡಿಗೆ ನಡೆದಳು.

“ಅಣ್ಣಾರ, ಟ್ಯಾಬ್ ತಗದಿಡ್ರಿ ಅಂತ ಯಾರರ ಕೇಳಿದ್ರೇನು?”

“ಭಾಳ ಮಂದಿ. ರಿಯಾಯಿತಿ ಮಾಲು ತಗದಿಡಂಗಿಲ್ಲ ಅಂದೆ.”

“ಅವರಾಗ ಪೆನ್ನಿನ ಸುದ್ದಿ ಕೇಳಿದವರು?”

ವಿಶ್ವರಾಧ್ಯ ತಲೆ ಕೆರೆದುಕೊಂಡ. “ಎಲ್ಲಾರೂ ಹೊಸದು ಯಾವಾಗ ಬರತದ ಅಂತ ಕೇಳೋರು. ಪೆನ್ ಕೂಡೇ ಅದ ಏನಪಾ ಅಂತ ಕೇಳಿದಾಕಿ ಒಬ್ಬಾಕೀನ. ಬ್ಲೌಸಿನ ಮ್ಯಾಲೆ ಕಸೂತಿ ಹಾಕತಾಳಲ್ಲ, ದೇವಕ್ಕ.”

“ಆಕಿ ಹೊಸದರ ಸುದ್ದಿ ಕೇಳಿದಳೇನು?”

“ಒಮ್ಮಿನೂ ಇಲ್ಲ.”

ದೇವಕ್ಕನ ಮನೆಗೆ ಬೀಗ. ಪಕ್ಕದ ಮನೆಯ ಭೀಮಮ್ಮ ಹೇಳಿದಳು, “ಕಣ್ಣಿನ ಪೊರಿ ತಗಸಾಕ ಮುಂಜಾನಿ ಮೊದಲ ಬಸ್ಸಿಗೆ ಯಾದಗಿರಿಗೆ ಹೋಗ್ಯಾಳವ್ವ. ನಾಳೆ ಪಟ್ಟಿ ಬಿಚ್ಚಿಸ್ಕೊಂಡು ಬರತಾಳ.”

ಮೊದಲ ಬಸ್ಸು ಅಂಗಡಿಯ ಎದುರಿಗೇ ನಿಲ್ಲುತ್ತದೆ. ಆ ಹೊತ್ತಿಗೆ ಶಟರುಗಳೆಲ್ಲ ಮುಚ್ಚಿರುತ್ತವೆ. ಉಮಾಶ್ರೀಗೆ ನಗು ತಡೆಯಲಾಗಲಿಲ್ಲ. ಠಾಣೆಯ ಮಾತು ಬಿಟ್ಟು ನಾಳೆ ಮಧ್ಯಾಹ್ನದ ಬಸ್ಸಿಗೆ ಬನ್ನಿ ಎಂದು ಇಬ್ಬರು ಅಂಗಡಿಯವರಿಗೂ ಹೇಳಿಟ್ಟಳು.

*

ಮರುದಿನ ಮಧ್ಯಾಹ್ನ ಬಸ್ಸಿಳಿದ ದೇವಕ್ಕನನ್ನು ಮೂವರು ಎದುರುಗೊಂಡರು. ವಿಶ್ವರಾಧ್ಯ ಮತ್ತು ನಸೀರುದ್ದೀನ ಒಬ್ಬರಿಗೊಬ್ಬರು ದೂರ ನಿಂತಿದ್ದರು. ದೇವಕ್ಕನ ಕಣ್ಣಿಗೆ ಆಸ್ಪತ್ರೆಯ ಕಪ್ಪು ಕನ್ನಡಕ.

ಉಮಾಶ್ರೀ ಕಾಗದ ಬಿಡಿಸಿ ಹಿಡಿದಳು. ದೇವಕ್ಕ ಕನ್ನಡಕ ಒಂದಿಷ್ಟು ಸರಿಸಿ ನೋಡಿದಳು.

“ಅಯ್ಯ ಶಿವನ. ಗಿಣಿಗೆ ನೀಲಿ ಹಚ್ಚೀನಲ್ಲ.”

ಅಂದ ಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ನೀವಾ?” ವಿಶ್ವರಾಧ್ಯ ಬಾಯಿ ಬಿಟ್ಟ.

“ಇವ್ರೇ,” ಉಮಾಶ್ರೀ ಹೇಳಿದಳು. “ಅಂಗಡಿ ಹೆಸರಿಲ್ಲದ ಕಾಗದ ಅಂದ್ರ, ಬರದವರಿಗೆ ಮಾರೋದು ಬ್ಯಾಡಾಗಿತ್ತು. ಬ್ಯಾರೆಯವರು ಕೊಳ್ಳಬಾರದು, ಅಷ್ಟ. ಪೆನ್ ಹಳೇದರ ಕೂಡೇ ಬರತದ, ಹಂಗಾಗಿ ಹಳೇದ ಬೇಕಾಗಿತ್ತು. ಕೈ ಪಳಗಿದ್ದು, ಬಣ್ಣ ತಪ್ಪಿದ್ದು, ಅಂದ್ರ ಕಣ್ಣಾಗ ಪೊರಿ. ಮೂರೂ ಕೂಡಿದ್ದು ಇವರೊಬ್ಬರಾಗ. ಒಂದು ಮಾತ್ರ ತಿಳೀಲಿಲ್ಲ. ಅವತ್ತ ಯಾಕ ಕೊಳ್ಳಲಿಲ್ಲ ಅಕ್ಕಾರ?”

“ಕಣ್ಣು ಮಬ್ಬಿದ್ದಾಗ ಹ್ಯಾಂಗ ಕೊಳ್ಳಲಿ ತಂಗಿ? ಗೆರಿ ಸಣ್ಣದು ಬರತದೋ, ಒಡೀತದೋ ನಾನ ನೋಡಬೇಕಲ್ಲ. ಬಟ್ಟಿ ಮ್ಯಾಲೆ ಗೀಚೋದಕ್ಕ ಮೊದಲ ಗಿರಾಕಿಗೆ ಇದರಾಗ ತೋರಿಸಬೇಕಂತ ಆಸೆ. ಈ ವಿಶ್ವ ತಗದಿಡಂಗಿಲ್ಲ ಅಂದ. ಕಣ್ಣು ಬರೂದರಾಗ ಯಾರರ ಒಯ್ದ್ರ?” ದೇವಕ್ಕ ನಸೀರುದ್ದೀನನ ಕಡೆ ತಿರುಗಿದಳು. “ಮಾತು ನಿನ್ನ ಮ್ಯಾಲೆ ಬರತದಂತ ನನಗ ಹೊಳೀಲಿಲ್ಲಪ್ಪ. ತಪ್ಪಾತು.”

ನಸೀರುದ್ದೀನ ಅವಳಿಗೆ ಕೈ ಮುಗಿದು, ವಿಶ್ವರಾಧ್ಯನನ್ನು ನೋಡಿದ. ವಿಶ್ವರಾಧ್ಯ ನೆಲ ನೋಡಿದ.

“ನಂದೂ ತಪ್ಪಾತು ಭಾಯ್. ಒಂದು ಮಾತು ಕೇಳಬೇಕಿತ್ತು ನಿನ್ನ.”

“ಚಹಾ ಹೇಳು ಮೊದಲ,” ಎಂದ ನಸೀರುದ್ದೀನ. “ಮೂರು ದಿನದಿಂದ ಪೂರಾ ಕಪ್ ಒಬ್ಬನ ಕುಡದು ಎದಿ ಉರಿಯಾಕತ್ತದ.”

*

ಗಾಜಿನೊಳಗಿಂದ ಟ್ಯಾಬು ಹೊರಬಂತು. ದೇವಕ್ಕ ಪೆನ್ನನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಉಮಾಶ್ರೀಯ ಮುಖ ನೋಡಿದಳು.

“ನೀನೂ ಇದಕ್ಕ ಬಂದಿದ್ದೇನವ್ವ?”

“ಹೌದ್ರಿ. ಟೈಪ್ ಮಾಡಾಕ.”

“ಟೈಪಿಗೆ ಪೆನ್ ಯಾಕ ಬೇಕು? ನೀ ತಡಿ. ಹೊಸದು ಬಂದಾಗ ನಸೀರನ ಬಲ್ಲಿ ತಗೋ.”

ಇಷ್ಟು ದಿನ ಬಗೆಹರಿಯದ ಪ್ರಶ್ನೆ ಒಂದೇ ಮಾತಿಗೆ ಬಗೆಹರಿದಿತ್ತು. ಉಮಾಶ್ರೀ ಹಗುರಾಗಿ ಸ್ಟೂಲಿನ ಮೇಲೆ ಕೂತಳು.

“ಕಣ್ಣಿಗೆ ತ್ರಾಸು ಕೊಡಬ್ಯಾಡಂತ ಡಾಕ್ಟರ್ ಹೇಳ್ಯಾರ. ಒಂದ ಒಂದು ಚಿತ್ರ,” ಎಂದು ದೇವಕ್ಕ ತೆರೆಯ ಮೇಲೆ ಪೆನ್ ಊರಿದಳು. ಗೆರೆ ಒಡೆಯದೆ ಹರಿಯಿತು. ಹಣೆ ಬಂತು, ಮೂಗು ಬಂತು. ಬಸ್ಸಿಗೆ ಕಾಯುತ್ತಿದ್ದವರು ಅಂಗಡಿಯೊಳಗೆ ತಲೆ ತೂರಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ವಿಶ್ವರಾಧ್ಯ ತೆರೆಯ ಮೇಲೂ ಕೂತಿದ್ದ.

ನಿನ್ನೆ ಪೊಲೀಸರ ಬಳಿ ಹೊರಟಿದ್ದವನು ಬಗ್ಗಿ ತನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೇರೆ ಯಾರಿಗೂ ಕೇಳದಂತೆ ಹೇಳಿದ:

“ಅಕ್ಕಾರ, ಮೀಸಿ ಒಂಚೂರು ದಪ್ಪ ಮಾಡ್ರಿ.”