ಒಂದು ಐದು ಹೆಚ್ಚಾದಾಗ

ಬೆಳಗ್ಗೆ ಹತ್ತೂಕಾಲಿಗೆ ಮಣಿಪಾಲದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರುಗಳ ಮೇಲೂ ಒಂದೇ ಮೆಸೇಜ್ ಮೂಡಿತು: ‘ನೀವು ಹೋಗುವುದು ನನಗೆ ಇಷ್ಟ ಇಲ್ಲ.’ ಕಳಿಸಿದವರ ಹೆಸರು ಸುಭಾಷಿಣಿ.

ಲ್ಯಾಬಿನ ನೆಟ್‌ವರ್ಕ್ ನೋಡಿಕೊಳ್ಳುವವಳೇ ಅವಳು! ಕೇಬಲ್ ಎಳೆಯುವ ದುರ್ಗೇಶನ ಲ್ಯಾಪ್‌ಟಾಪಿನ ವಿಳಾಸ ಇಪ್ಪತ್ತೈದಕ್ಕೆ ಮುಗಿಯುತ್ತದೆ. ಅವನಿಗೆಂದು ಬರೆದು ಕಳಿಸುವ ಅವಸರದಲ್ಲಿ ಕೊನೆಗೊಂದು ಐದು ಹೆಚ್ಚು ಬಿತ್ತು. ಇನ್ನೂರ ಐವತ್ತೈದು ಒಬ್ಬರ ವಿಳಾಸವಲ್ಲ, ಆ ನೆಟ್‌ವರ್ಕಿನ ಎಲ್ಲರದ್ದು.

“ನಾನೆಲ್ಲಿಗೆ ಹೋಗುವುದು ಮಾರಾಯ್ತಿ? ಇಲ್ಲೇ ಇದ್ದೇನೆ!” ಕೌಂಟರಿನಲ್ಲಿದ್ದ ಸಿಸಿಲಿಯಾಬಾಯಿ ನಕ್ಕರು.

ಸುಭಾಷಿಣಿಯ ಕಿವಿ ಕೆಂಪಾಯಿತು. “ದುರ್ಗೇಶ ಬರಲಿಲ್ವಾ?”

“ಅವನು ಎಂಟು ಗಂಟೆ ಬಸ್ಸಿಗೇ ಕಾರ್ಕಳ ಬ್ರಾಂಚಿಗೆ ಹೋದನಲ್ಲ. ಅಲ್ಲಿನ ಕೆಲಸ ಇವತ್ತೇ ಮುಗೀತದಂತೆ. ನಾಳೆ ಊರಿಗೆ, ಸಿಂಧನೂರಿಗೆ. ಇನ್ನು ಈ ಕಡೆಗೆ ಬರುವುದಿಲ್ಲವಂತೆ.”

ನಲವತ್ತು ಜನ ಓದಿದ್ದರು, ಓದಬೇಕಾದವನೊಬ್ಬನನ್ನು ಬಿಟ್ಟು. ಕಾರ್ಕಳದ್ದು ಬೇರೆ ನೆಟ್‌ವರ್ಕ್. ಇಲ್ಲಿ ಕೂಗಿದ್ದು ರೂಟರಿನ ಹೊಸ್ತಿಲು ದಾಟುವುದಿಲ್ಲ.

ಮೂರು ತಿಂಗಳು ಅವನು ಏಣಿಯ ಮೇಲೆ, ಅವಳು ಕೆಳಗೆ. ಒಂದು ಮಧ್ಯಾಹ್ನ ಅವನು ಕೇಳಿದ್ದ:

“ಮೇಡಂ, ಒಂದು ಕಂಪ್ಯೂಟರಿಗೆ ಇನ್ನೊಂದು ಎಲ್ಲೈತಿ ಅಂತ ಹ್ಯಾಂಗ ಗೊತ್ತಾಗತೈತ್ರಿ?”

“ಗೊತ್ತಿರುವುದಿಲ್ಲ. ಈ ವಿಳಾಸದವರು ಯಾರು ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗ್ತದೆ. ಯಾರದ್ದೋ ಅವರು ಮಾತ್ರ ‘ನಾನು’ ಅಂತಾರೆ.”

“ಉಳಿದವರು?”

“ಕೇಳಿಯೂ ಸುಮ್ಮನಿರ್ತಾರೆ.”

“ಭಾಳ ಮರ್ಯಾದಸ್ಥರು ಬಿಡ್ರಿ,” ಎಂದು ಅವನು ನಕ್ಕ. ನಗು ಮುಗಿದ ಮೇಲೂ ಕಣ್ಣು ಅವಳ ಮೇಲೆಯೇ ಇತ್ತು. ಅವಳು ಕೇಬಲಿನ ನಂಬರನ್ನು ತಪ್ಪಾಗಿ ಬರೆದಳು, ಎರಡು ಸಲ.

ಫೋನ್ ಮಾಡಬಹುದಿತ್ತು. ಮಾಡಿದರೆ ಕೇಬಲಿನ ವಿಷಯ ಮಾತಾಡಿ ಇಟ್ಟುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ಕಾರ್ಕಳದ ಬಸ್ಸು ಹತ್ತಿದಳು. ದಾರಿಯಲ್ಲಿ ಹಿರಿಯಡ್ಕ ಬರುವಷ್ಟರಲ್ಲಿ ಅವನ ಆ ‘ಬಿಡ್ರಿ’ ಇನ್ನೊಮ್ಮೆ ಕೇಳಬೇಕೆಂದು ಜೀವ ಹಂಬಲಿಸಿತು. ಇಷ್ಟು ದಿನ ದಿನವೂ ಕೇಳುತ್ತಿದ್ದಾಗ ಬಾಯಿ ಎಲ್ಲಿಟ್ಟುಕೊಂಡಿದ್ದೆ ಎಂದು ತನ್ನನ್ನೇ ಬೈದುಕೊಂಡಳು.

ಕಾರ್ಕಳದ ಬ್ರಾಂಚಿನಲ್ಲಿ ಡ್ರಿಲ್ಲಿನ ಸದ್ದು, ಧೂಳು. ಮೂರು ಏಣಿಗಳ ಮೇಲೆ ಮೂವರು, ಮೂವರ ತಲೆಯೂ ಸೀಲಿಂಗಿನೊಳಗೆ. ಕಾಣುತ್ತಿದ್ದದ್ದು ಮಾಸಿದ ಪ್ಯಾಂಟುಗಳು ಮಾತ್ರ. ಕೆಳಗೆ ನಾಲ್ಕೈದು ಜನ ಅವಳನ್ನೇ ನೋಡುತ್ತಿದ್ದರು.

ಹೆಸರು ಕರೆಯಬೇಕೆಂದೇ ಬಾಯಿ ತೆರೆದಳು. ಬಂದದ್ದು ಬೇರೆಯೇ.

“ನೀವು ಹೋಗುವುದು ನನಗೆ ಇಷ್ಟ ಇಲ್ಲ!”

ಡ್ರಿಲ್ಲು ನಿಂತಿತು. ಕೆಳಗಿದ್ದವರು ಮುಖ ಮುಖ ನೋಡಿಕೊಂಡರು. ಎರಡು ಏಣಿಗಳು ಅಲುಗಲಿಲ್ಲ.

ಗೋಡೆ ಬದಿಯ ಏಣಿಯಿಂದ ಕೇಬಲ್ ಸುರುಳಿಯೊಂದು ಕೆಳಗೆ ಬಿತ್ತು. ಹಿಂದೆಯೇ ಧೂಳು ಮೆತ್ತಿದ ತಲೆಯೊಂದು ಬಗ್ಗಿತು.

“ನಾನ್ರೀ,” ಎಂದ ದುರ್ಗೇಶ. “ಹೋಗೂದಿಲ್ರಿ.”